ಎಷ್ಟು ಎಚ್‌ಪಿ?

ಟ್ರ್ಯಾಕ್ಟರಿನ ವಿಷಯಕ್ಕೆ ಬಂದರೆ ತಟಸ್ಥ ರೈತ ಎಂಬುವನು ಎಲ್ಲಿಯೂ ಸಿಗುವುದಿಲ್ಲ. ನಮ್ಮ ದಾವಣಗೆರೆ ಸೀಮೆಯಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಕಂಪನಿ, ಮನೆದೇವರಷ್ಟೇ ಖಚಿತ. ಮ್ಯಾಸಿಯವರು ಫೋರ್ಡಿನವರ ಕಟ್ಟೆಯ ಮೇಲೆ ಕೂತು ಚಾ ಕುಡಿದಾರು, ಹೆಣ್ಣು ಕೊಟ್ಟು ಹೆಣ್ಣು ತಂದಾರು. ಅವರ ಗಾಡಿ ಲೋಡು ಎಳೆಯುತ್ತದೆ ಎಂದು ಮಾತ್ರ ಬಾಯಿಬಿಟ್ಟು ಒಪ್ಪಲಾರರು. ಎಚ್‌ಎಂಟಿ ಇಟ್ಟುಕೊಂಡವರಂತೂ ಪಿಂಜೋರಿನ ಕಾರ್ಖಾನೆ ಮುಚ್ಚಿದ ಮೇಲೂ ಬಿಡಿಭಾಗಕ್ಕಾಗಿ ಊರೂರು ಅಲೆದರೇ ಹೊರತು ಬೇರೆ ಶೋರೂಮಿನ ಮೆಟ್ಟಿಲು ಹತ್ತಲಿಲ್ಲ. ಇದು ನಮ್ಮ ಕಡೆಯ ಗುಣ ಎಂದುಕೊಂಡಿದ್ದೆ. ಯಾರ್ಕ್‌ಷೈರಿನ ಗುಡ್ಡದಲ್ಲಿ ಒಂದಿಷ್ಟು ನೆಲ ಕೊಂಡ ಮೇಲೆ ಇಲ್ಲಿಯ ರೈತರೂ ಇದೇ ಒಕ್ಕಲಿನವರು ಎಂದು ತಿಳಿಯಿತು.

ಲೀಡ್ಸಿನ ಆಸ್ಪತ್ರೆಯ ನೌಕರಿ, ಮಕ್ಕಳ ಓದು, ಮನೆಯ ಸಾಲ ಎಲ್ಲ ಒಂದು ದಡ ಮುಟ್ಟಿದ ಮೇಲೆ ಹಡರ್ಸ್‌ಫೀಲ್ಡ್ ದಾಟಿ ಹೋಮ್‌ಫರ್ತ್ ಕಡೆಗೆ ಏರುವ ಗುಡ್ಡದ ಮಗ್ಗುಲಲ್ಲಿ ಒಂದು ಕಲ್ಲಿನ ಮನೆ ಕೊಂಡೆವು. ಮನೆಯ ಬೆನ್ನಿಗೆ ನಾಲ್ಕೂವರೆ ಎಕರೆ ಹುಲ್ಲುಗಾವಲು, ಒಂದು ಹಳೆಯ ಕೊಟ್ಟಿಗೆ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಬೇಲಿಗೋಡೆ. ಕೊಳ್ಳುವಾಗ ನಾನು ರೈತನೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ. ಕರ್ನಾಟಕದಲ್ಲಿ 2020ರ ತಿದ್ದುಪಡಿಯವರೆಗೂ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಬೇಸಾಯಗಾರನಲ್ಲದವನನ್ನು ಬದುವಿನ ಆಚೆಗೇ ನಿಲ್ಲಿಸುತ್ತಿದ್ದವು. ಅವು ಹೋದರೂ ನನ್ನಂಥ ಓಸಿಐ ಕಾರ್ಡಿನ ವಿದೇಶಿ ಪ್ರಜೆಗೆ ವಿದೇಶಿ ವಿನಿಮಯದ ಕಾಯ್ದೆ ಫೆಮಾ ಅಡ್ಡವಿದೆ: ಅಪ್ಪನಿಂದ ಬರುವ ಗದ್ದೆಯನ್ನು ಇಟ್ಟುಕೊಳ್ಳಬಹುದು, ಪಕ್ಕದ ಗದ್ದೆಯನ್ನು ಕೊಳ್ಳುವಂತಿಲ್ಲ. ಹುಟ್ಟಿದೂರಲ್ಲಿ ಒಂದು ಗುಂಟೆ ಕೊಳ್ಳಲಾಗದವನಿಗೆ ಪೆನ್ನೈನ್ ಬೆಟ್ಟಸಾಲಿನಲ್ಲಿ ನಾಲ್ಕೂವರೆ ಎಕರೆ ಸಲೀಸಾಗಿ ಸಿಕ್ಕಿತು. ಕಾನೂನಿಗೂ ಒಂದು ಹಾಸ್ಯಪ್ರಜ್ಞೆ ಇರುತ್ತದೆ.

ಸುದ್ದಿ ಹಬ್ಬಿದ್ದು ಇಲ್ಲಿಯ ಕನ್ನಡ ಬಳಗದ ಯುಗಾದಿ ಊಟದ ಸಾಲಿನಲ್ಲಿ. 1983ರಲ್ಲಿ ಶುರುವಾದ ಈ ಬಳಗದಲ್ಲಿ ಡಾಕ್ಟರುಗಳೇ ಜಾಸ್ತಿ, ಆ ಡಾಕ್ಟರುಗಳಲ್ಲಿ ರೈತರ ಮಕ್ಕಳೇ ಜಾಸ್ತಿ. ಹೃದಯ, ಮೂಳೆ, ಮೂತ್ರಪಿಂಡ ಯಾವ ವಿಭಾಗದವರೇ ಆಗಲಿ, ಒಳಗೊಬ್ಬ 'ಬಂಗಾರದ ಮನುಷ್ಯ'ನ ರಾಜೀವ ನಿವೃತ್ತಿಯ ದಿನ ಕಾಯುತ್ತ ಕೂತಿರುತ್ತಾನೆ. ನೆಲದ ಬೆಲೆ ಯಾರೂ ಕೇಳಲಿಲ್ಲ. ಮಣ್ಣು ಹೇಗಿದೆ ಎಂದು ಒಬ್ಬರು ಕೇಳಿದರು. ಉಳಿದವರೆಲ್ಲ ಒಬ್ಬಟ್ಟು ಮುರಿಯುತ್ತ ಕೇಳಿದ್ದು ಒಂದೇ ಪ್ರಶ್ನೆ: "ಟ್ರ್ಯಾಕ್ಟರ್ ಎಷ್ಟು ಎಚ್‌ಪಿದು ತಗೋತೀರಿ?"

ಅವರ ತಪ್ಪಲ್ಲ. ನಮ್ಮ ತಲೆಮಾರಿಗೆ ಟ್ರ್ಯಾಕ್ಟರ್ ಎಂದರೆ ಉಳುಮೆ. ಮಾಗಿ ಉಳುಮೆಗೆ ನೇಗಿಲು, ಆಮೇಲೆ ಕಲ್ಟಿವೇಟರ್, ರೋಟವೇಟರ್, ಭದ್ರಾ ಚಾನಲ್ಲಿಗೆ ನೀರು ಬಿಟ್ಟ ಮೇಲೆ ಗದ್ದೆ ಕೆಸರು ಮಾಡಲು ಕೇಜ್‌ವೀಲ್. ಉಳಿದ ದಿನ ಟ್ರೇಲರ್ ಕಟ್ಟಿಕೊಂಡು ಗೊಬ್ಬರ, ಭತ್ತ, ಇಟ್ಟಿಗೆ, ಮರಳು, ಮದುವೆ ದಿಬ್ಬಣ. ಎಳೆಯುವುದೇ ಅದರ ಧರ್ಮವಾದ್ದರಿಂದ ಎಷ್ಟು ಎಳೆಯುತ್ತದೆ ಎಂಬುದೇ ಮೊದಲ ಪ್ರಶ್ನೆ. ಮೂವತ್ತೈದರಿಂದ ನಲವತ್ತೈದಕ್ಕೆ, ಅಲ್ಲಿಂದ ಐವತ್ತಕ್ಕೆ ಹೋಗುವುದು ಊರಲ್ಲಿ ಬಡ್ತಿ.

ನನ್ನ ನೆಲವಾದರೋ ಉಳುಮೆಯನ್ನೇ ಕೇಳುವುದಿಲ್ಲ. ಪೆನ್ನೈನಿನ ಈ ಭಾಗದಲ್ಲಿ ಮರಳುಗಲ್ಲಿನ ಮೇಲೆ ತೆಳ್ಳಗೆ ಮಣ್ಣು, ಅದೂ ಹುಳಿಮಣ್ಣು. ಅಟ್ಲಾಂಟಿಕ್ಕಿನಿಂದ ಬರುವ ಮೋಡ ಮೊದಲು ಮ್ಯಾಂಚೆಸ್ಟರ್ ಕಡೆ ಸುರಿದು, ಗುಡ್ಡ ಹತ್ತಿ ಉಳಿದದ್ದನ್ನು ನಮ್ಮ ಮೇಲೆ ಸುರಿಯುತ್ತದೆ. ಆ ಮಳೆ, ಸುಣ್ಣವಿಲ್ಲದ ಮೆದು ನೀರು, ಇಳಿಜಾರಿನ ಹಳ್ಳ ಎಲ್ಲ ಸೇರಿಯೇ ಇಲ್ಲಿ ಉಣ್ಣೆಯ ಗಿರಣಿಗಳು ಎದ್ದದ್ದು. ನೆಲ ಬೆಳೆಯುವುದು ಹುಲ್ಲು, ಹುಲ್ಲು ತಿನ್ನುವುದು ಕುರಿ. ಇಂಥ ಕಡೆ ನೇಗಿಲು ಹಾಕಿದರೆ ಕಲ್ಲು ಮೇಲೆ ಬರುತ್ತದೆ, ಇರುವ ಮಣ್ಣು ಕೆಳಗಿನವರ ಪಾಲಾಗುತ್ತದೆ. ಹಾಗಾದರೆ ಕೆಲಸ ಏನು? ಬೇಸಿಗೆಯಲ್ಲಿ ಹುಲ್ಲು ಬೀಜಕ್ಕೆ ಹೋಗದಂತೆ, ಕಳೆ ಹಬ್ಬದಂತೆ ಮೇಲಿಂದ ಕತ್ತರಿಸುವುದು. ವಸಂತದಲ್ಲಿ ಸರಪಳಿ ಕುಂಟೆ ಎಳೆದು ಒಣಹುಲ್ಲು, ಕುರಿಹಿಕ್ಕೆ ಚೆದುರಿಸುವುದು. ಬಿದ್ದ ಗೋಡೆಯ ಕಲ್ಲು, ಬೇಲಿಯ ಗೂಟ, ಸೌದೆ, ಗೊಬ್ಬರ ಸಾಗಿಸುವುದು. ಚಳಿಗಾಲದಲ್ಲಿ ಮನೆಯ ದಾರಿಯ ಹಿಮ ತಳ್ಳುವುದು. ಕಳೆಯ ಮಾತು ಬಂತಲ್ಲ, ಅದಕ್ಕೂ ಇಲ್ಲಿ 1959ರ ಒಂದು ಕಾಯ್ದೆ ಇದೆ: ಎರಡು ಬಗೆಯ ಮುಳ್ಳುಗಿಡ, ಎರಡು ಬಗೆಯ ಡಾಕ್ ಸೊಪ್ಪು, ಕುದುರೆ ದನಗಳಿಗೆ ವಿಷವಾದ ಹಳದಿ ಹೂವಿನ ರ‍್ಯಾಗ್‌ವರ್ಟ್, ಈ ಐದು ಪಕ್ಕದ ಹೊಲಕ್ಕೆ ಹಬ್ಬುವಂತಿದ್ದರೆ ತಡೆಯಿರಿ ಎಂದು ಸರ್ಕಾರ ಮಾಲೀಕನಿಗೆ ನೋಟೀಸು ಕೊಡಬಹುದು. ಪಾರ್ಥೇನಿಯಂಗೆ ಯಾರೂ ನೋಟೀಸು ಕೊಟ್ಟದ್ದನ್ನು ಕಂಡಿರದ ನನಗೆ ಇದು ಭಾರಿ ಶಿಸ್ತಾಗಿ ಕಂಡಿತು.

ಅಪ್ಪಾಜಿಗೆ ವಾಟ್ಸಪ್ಪಿನಲ್ಲಿ ಹೊಲ ತೋರಿಸಿದೆ. ಫೋನನ್ನು ನಿಧಾನವಾಗಿ ಸುತ್ತಲೂ ತಿರುಗಿಸಿದ ಮೇಲೆ ಕೇಳಿದರು:

"ಏನ್ ಬೆಳಿತೀಯಪ್ಪ ಇದ್ರಾಗ?"

"ಹುಲ್ಲು, ಅಪ್ಪಾಜಿ."

"ಹುಲ್ಲು ತಾನೇ ಬೆಳಿತೈತಲ್ಲ. ಅದಕ್ಕ್ ಯಾಕ್ ಟ್ಯಾಕ್ಟ್ರು?"

"ಕತ್ತರಿಸ್ಬೇಕಲ್ಲ."

"ವರ್ಷಕ್ ಎಷ್ಟ್ ಸಲ ಕತ್ತರಿಸ್ತೀಯ? ಯಾರನ್ನಾರ ಬಾಡಿಗಿಗೆ ಕರಿ."

ಇಡೀ ವಿಷಯದಲ್ಲಿ ಯಾರೂ ಇದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಲಿಲ್ಲ. ಅಪ್ಪಾಜಿಗೆ ಆ ಪ್ರಶ್ನೆ ಕೇಳುವ ಹಕ್ಕೂ ಇತ್ತು. ಅವರು ಎಂಬತ್ತರ ದಶಕದಲ್ಲಿ ಪಿಎಲ್‌ಡಿ ಬ್ಯಾಂಕಿನ ಸಾಲದ ಮೇಲೆ ಮ್ಯಾಸಿ 1035 ತಂದವರು. ಕಂತು ಕಟ್ಟಲಾಗದ ಟ್ರ್ಯಾಕ್ಟರುಗಳು ಜಪ್ತಿಯಾಗುತ್ತಿದ್ದ ಕಾಲ ಅದು. ಹಸಿರು ಶಾಲಿನ ರೈತಸಂಘದವರು ವಸೂಲಿಗೆ ಬಂದ ಅಧಿಕಾರಿಗಳನ್ನು ಊರಬಾಗಿಲಲ್ಲೇ ತಡೆದು ನಿಲ್ಲಿಸಿದ್ದನ್ನು ಕಣ್ಣಾರೆ ಕಂಡವರು. ಸ್ವಂತ ಗದ್ದೆಯ ಉಳುಮೆಯಿಂದ ಟ್ರ್ಯಾಕ್ಟರಿನ ಸಾಲ ತೀರುವುದಿಲ್ಲ, ಊರವರ ಗದ್ದೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡಿದರೆ ಮಾತ್ರ ತೀರುತ್ತದೆ ಎಂಬುದು ಅವರು ಕೈಯಾರೆ ಕಲಿತ ಪಾಠ. ಈಗಂತೂ ಊರಲ್ಲಿ ಕೃಷಿ ಯಂತ್ರಧಾರೆ ಬಂದಿದೆ. ಸಣ್ಣ ಹಿಡುವಳಿದಾರ ಫೋನು ಮಾಡಿದರೆ ಯಂತ್ರ ಬದುವಿಗೇ ಬರುತ್ತದೆ. ನಾಲ್ಕೂವರೆ ಎಕರೆಗೆ ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಂಡವನನ್ನು ನಮ್ಮೂರಲ್ಲಿ ಶ್ರೀಮಂತ ಅನ್ನುವುದಿಲ್ಲ, ಶೋಕಿಲಾಲ ಅನ್ನುತ್ತಾರೆ.

ನನ್ನ ಶೋಕಿಯಲ್ಲಿ ಚರಿತ್ರೆಯೂ ಬೆರೆತಿತ್ತು. ಅಪ್ಪಾಜಿಯ ಆ ಕೆಂಪು ಮ್ಯಾಸಿಯ ಮೂಲ ಇದೇ ಸೀಮೆ. ಹ್ಯಾರಿ ಫರ್ಗ್ಯುಸನ್ ಎಂಬ ಉತ್ತರ ಐರ್ಲೆಂಡಿನ ಮೆಕ್ಯಾನಿಕ್ಕಿನ ತಲೆಯಲ್ಲಿ ಹುಟ್ಟಿದ ಟ್ರ್ಯಾಕ್ಟರ್ 1936ರಲ್ಲಿ ಮೊದಲ ಬಾರಿ ಮಾರಾಟಕ್ಕೆ ಬಂದದ್ದು ಹಡರ್ಸ್‌ಫೀಲ್ಡಿನಲ್ಲಿ. ಗೇರು ಮಾಡುವುದರಲ್ಲಿ ಹೆಸರಾದ ಡೇವಿಡ್ ಬ್ರೌನ್ ಕಂಪನಿ ಅಲ್ಲಿತ್ತು. ಇಬ್ಬರೂ ಕೂಡಿ ಸುಮಾರು 1,350 ಟ್ರ್ಯಾಕ್ಟರ್ ಮಾಡಿದರು, ಆಮೇಲೆ ಜಗಳವಾಡಿಕೊಂಡು ಬೇರೆಯಾದರು. ಆ ಗಾಡಿಯ ವಿಶೇಷ ಎಂಜಿನ್ನಿನಲ್ಲಿರಲಿಲ್ಲ, ಹಿಂಬದಿಯಲ್ಲಿತ್ತು.

ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅದಕ್ಕೂ ಮೊದಲು ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಕೊಂಡಿ ಹಾಕಿ ಎಳೆಯುತ್ತಿದ್ದರು. ಗುಳ ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ನೇಗಿಲು ನಿಂತುಬಿಡುತ್ತದೆ, ಹಿಂದಿನ ಚಕ್ರ ಮಾತ್ರ ತಿರುಗಲು ನೋಡುತ್ತದೆ. ಚಕ್ರ ತಿರುಗಲಾಗದೆ ಟ್ರ್ಯಾಕ್ಟರೇ ಚಕ್ರದ ಸುತ್ತ ತಿರುಗುತ್ತದೆ: ಮೂತಿ ಮೇಲೆದ್ದು, ಹಿಮ್ಮುಖವಾಗಿ ಮಗುಚಿ, ಓಡಿಸುವವನ ಮೇಲೇ ಬೀಳುತ್ತದೆ. ಫರ್ಗ್ಯುಸನ್ ನೇಗಿಲನ್ನು ಮೂರು ಕಡೆ ಕಟ್ಟಿದ. ಕೆಳಗೆ ಎರಡು ತೋಳು ಎಳೆಯುತ್ತವೆ, ಮೇಲೆ ಒಂದು ತೋಳು ಒತ್ತುತ್ತದೆ. ಗುಳಕ್ಕೆ ತಡೆ ಬಂದಷ್ಟೂ ಆ ಮೇಲಿನ ತೋಳು ಟ್ರ್ಯಾಕ್ಟರನ್ನು ಮುಂದಕ್ಕೆ ಅದುಮಿ ಮೂತಿಯನ್ನು ನೆಲಕ್ಕೆ ಹಿಡಿಯುತ್ತದೆ. ಅದೇ ಒತ್ತಡ ಹೈಡ್ರಾಲಿಕ್ಕಿಗೂ ಸುದ್ದಿ ಮುಟ್ಟಿಸಿ, ಮಣ್ಣು ಗಡುಸಾದ ಕಡೆ ನೇಗಿಲನ್ನು ತುಸು ಎತ್ತಿಸುತ್ತದೆ. ನೇಗಿಲಿನ ಭಾರವೂ ಮಣ್ಣಿನ ಬಿಗಿತವೂ ಹಿಂದಿನ ಚಕ್ರದ ಮೇಲೆ ಕೂರುವುದರಿಂದ ಹಗುರ ಗಾಡಿ ದೊಡ್ಡ ಗಾಡಿಯ ಕೆಲಸ ಮಾಡುತ್ತದೆ. ಇವತ್ತು ಜಗತ್ತಿನ ಹೆಚ್ಚುಕಡಿಮೆ ಯಾವ ಟ್ರ್ಯಾಕ್ಟರಿನ ಹಿಂದೆ ಹೋಗಿ ನಿಂತರೂ, ಅದು ಯಾವ ಬಣ್ಣದ್ದೇ ಇರಲಿ, ಕಾಣುವುದು ಈ ಮೂರು ತೋಳು.

ಮುಂದಿನ ಕಥೆ ಪುರಾಣಕ್ಕೆ ಕಡಿಮೆಯಿಲ್ಲ. ಫರ್ಗ್ಯುಸನ್ 1938ರಲ್ಲಿ ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡನ ಜೊತೆ ಕಾಗದವಿಲ್ಲದೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡ. ಮೊಮ್ಮಗ ಫೋರ್ಡನ ಕಾಲಕ್ಕೆ ಅದು ಮುರಿಯಿತು. ಫರ್ಗ್ಯುಸನ್ ದಾವೆ ಹೂಡಿ 1952ರಲ್ಲಿ 92.5 ಲಕ್ಷ ಡಾಲರ್ ಪಡೆದ. ಅಷ್ಟರಲ್ಲಿ ಕಾವೆಂಟ್ರಿಯ ಬ್ಯಾನರ್ ಲೇನಿನಲ್ಲಿ, ಯುದ್ಧಕಾಲದಲ್ಲಿ ವಿಮಾನದ ಎಂಜಿನ್ ಮಾಡುತ್ತಿದ್ದ ಕಾರ್ಖಾನೆಯಲ್ಲಿ, 1946ರಿಂದ ಬೂದುಬಣ್ಣದ ಟಿಇ20 ಬರತೊಡಗಿತ್ತು. ಹತ್ತು ವರ್ಷದಲ್ಲಿ ಐದು ಲಕ್ಷಕ್ಕೂ ಹೆಚ್ಚು. ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ್ದು ಇದೇ ಗಾಡಿಗೆ ಪಟ್ಟಿ ಚಕ್ರ ಹಾಕಿಸಿಕೊಂಡು. 1953ರಲ್ಲಿ ಫರ್ಗ್ಯುಸನ್ ಕಂಪನಿ ಮ್ಯಾಸಿ ಹ್ಯಾರಿಸ್ ಜೊತೆ ಸೇರಿತು; 1960ರಲ್ಲಿ ಮದರಾಸಿನಲ್ಲಿ ಮ್ಯಾಸಿ ಮಾಡುವ ಟಾಫೆ ಕಂಪನಿ ಶುರುವಾಯಿತು; ಕಾವೆಂಟ್ರಿಯ ಮ್ಯಾಸಿ 35 ನಮ್ಮಲ್ಲಿಗೆ 1035 ಆಗಿ ಬಂತು. ಟಾಫೆ ನಮ್ಮ ದೊಡ್ಡಬಳ್ಳಾಪುರದಲ್ಲೂ ಕಾರ್ಖಾನೆ ಮಾಡಿತು. ಬ್ಯಾನರ್ ಲೇನ್ 2002ರಲ್ಲಿ ಮುಚ್ಚಿತು. ಬರ್ಮಿಂಗ್‌ಹ್ಯಾಮಿನಿಂದ ಅರ್ಧ ಗಂಟೆಯ ದಾರಿಯ ಆ ಜಾಗದಲ್ಲಿ ಈಗ ಮನೆಗಳಿವೆ.

ಇಷ್ಟೆಲ್ಲ ಗೊತ್ತಿರುವವನು ಏನು ಕೊಳ್ಳಬೇಕು? ಕಾವೆಂಟ್ರಿಯಲ್ಲಿ ಹುಟ್ಟಿದ, 1964ರ ನಂತರದ ಒಂದು ಕೆಂಪು ಮ್ಯಾಸಿ 135. ಮೂರು ಸಿಲಿಂಡರಿನ ಪರ್ಕಿನ್ಸ್ ಎಂಜಿನ್, ಬಿಡಿಭಾಗ ಇವತ್ತಿಗೂ ಸಲೀಸಾಗಿ ಸಿಗುತ್ತದೆ, ಹಳೆಯದಾದಷ್ಟೂ ಬೆಲೆ ಏರುತ್ತದೆ. ನನ್ನ ಮನಸ್ಸು ಇಲ್ಲಿಗೆ ಬಂದು ನಿಂತಿತ್ತು.

ಪಕ್ಕದ ಹೊಲದ ಮುದುಕ ಅದನ್ನು ಎಬ್ಬಿಸಿದ. ಆತ ಹುಡುಗನಿದ್ದಾಗ ಮೆಲ್ತಮ್ಮಿನ ಡೇವಿಡ್ ಬ್ರೌನ್ ಕಾರ್ಖಾನೆಯಲ್ಲಿ ಕೆಲಸ ಕಲಿತವನು. ಹಳೆಯ ನೂಲಿನ ಗಿರಣಿಯೊಳಗೆ ಎದ್ದ ಆ ಕಾರ್ಖಾನೆ 1988ರಲ್ಲಿ ಬಾಗಿಲು ಹಾಕಿತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯಲ್ಲಿ ಒಂದೊಂದೇ ಕಾಟನ್ ಮಿಲ್ಲು ಮುಚ್ಚಿದ್ದನ್ನು ಕಂಡವನಾದ್ದರಿಂದ ಆತನ ದನಿಯಲ್ಲಿನ ಕಹಿ ನನಗೆ ಹೊಸದಾಗಿರಲಿಲ್ಲ. ಆತನ ಕೊಟ್ಟಿಗೆಯಲ್ಲಿ ಇವತ್ತಿಗೂ ಒಂದು ಡೇವಿಡ್ ಬ್ರೌನ್ 990 ಇದೆ. ಜೇಮ್ಸ್ ಬಾಂಡನ ಆಸ್ಟನ್ ಮಾರ್ಟಿನ್ ಡಿಬಿ5 ಕಾರಿನ ಡಿಬಿ ಯಾರು ಗೊತ್ತೇ ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ತಾನೇ ಹೇಳುತ್ತಾನೆ: ಟ್ರ್ಯಾಕ್ಟರ್ ಮಾರಿ ದುಡ್ಡು ಮಾಡಿದ್ದ ಡೇವಿಡ್ ಬ್ರೌನ್ 1947ರಲ್ಲಿ ಆ ಕಾರಿನ ಕಂಪನಿಯನ್ನೇ ಕೊಂಡ. ಫರ್ಗ್ಯುಸನ್ನಿನ ಹೆಸರೆತ್ತಿದರೆ ಮಾತ್ರ ಮುಖ ಗಂಟು. ಬೇರೆಯಾದದ್ದು ಮೂವತ್ತರ ದಶಕದಲ್ಲಿ, ಸಿಟ್ಟು ಇನ್ನೂ ಇಳಿದಿಲ್ಲ.

ಮ್ಯಾಸಿ 135 ನೋಡುತ್ತಿದ್ದೇನೆ ಎಂದಾಗ ಆತ ಕಂಪನಿಯನ್ನು ಬೈಯಲಿಲ್ಲ, ಹೊಲದ ಕಡೆ ಬೊಟ್ಟು ಮಾಡಿದ.

"ಆ ಇಳಿಜಾರಿನಲ್ಲಿ ಒದ್ದೆ ಹುಲ್ಲಿನ ಮೇಲೆ ಎರಡೇ ಚಕ್ರ ಎಳೆಯುವ ಗಾಡಿ ಓಡಿಸುತ್ತೀಯಾ?"

"ಹಿಲರಿ ದಕ್ಷಿಣ ಧ್ರುವಕ್ಕೇ ಹೋದನಲ್ಲ."

"ದಕ್ಷಿಣ ಧ್ರುವ ಸಪಾಟಾಗಿದೆ, ಲ್ಯಾಡ್."

ನಿವೃತ್ತಿಯ ಹೊಸ್ತಿಲಲ್ಲಿರುವ ನನ್ನನ್ನು ಲ್ಯಾಡ್, ಅಂದರೆ ಹುಡುಗ, ಎಂದು ಕರೆಯುವವನು ಈ ದೇಶದಲ್ಲಿ ಆತನೊಬ್ಬನೇ. ಆತ ಹೇಳಿದ್ದರಲ್ಲಿ ತೂಕವಿತ್ತು. ಫರ್ಗ್ಯುಸನ್ನಿನ ಮೂರನೆಯ ತೋಳು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವುದನ್ನು ತಡೆಯುತ್ತದೆ, ಪಕ್ಕಕ್ಕೆ ಉರುಳುವುದನ್ನಲ್ಲ. ಅದಕ್ಕೆ ಬೇಕಾದದ್ದು ಸೀಟಿನ ಹಿಂದೆ ಎದ್ದು ನಿಲ್ಲುವ ಉಕ್ಕಿನ ಕಮಾನು, ಜೊತೆಗೆ ಸೊಂಟಕ್ಕೆ ಬೆಲ್ಟು. ಹೊಸ ಟ್ರ್ಯಾಕ್ಟರಿಗೆ ಇಂಥ ರಕ್ಷಣೆ ಇರಲೇಬೇಕೆಂದು ಈ ದೇಶ 1970ರಲ್ಲೇ ಕಟ್ಟು ಮಾಡಿತು; ಅದಕ್ಕೂ ಹಿಂದಿನವು ಎಷ್ಟೋ ಬೋಳಾಗಿಯೇ ಉಳಿದಿವೆ. ಭದ್ರಾ ಅಚ್ಚುಕಟ್ಟಿನ ಸಪಾಟು ಗದ್ದೆಯಲ್ಲಿ ಬೋಳು ಮ್ಯಾಸಿ ಓಡಿಸಿದವರ ಮಗ ಪೆನ್ನೈನಿನ ಓರೆಯಲ್ಲಿ ಅದೇ ಧೈರ್ಯ ತೋರಿಸಬೇಕಿಲ್ಲ.

ಅಂದಿನಿಂದ ನನ್ನ ಹುಡುಕಾಟದ ದಿಕ್ಕು ತಿರುಗಿತು. ಎಂಜಿನ್ ನೋಡುವುದಕ್ಕೆ ಮೊದಲು ಟೇಪು ಹಿಡಿದು ನನ್ನದೇ ನೆಲ ಅಳೆದೆ. ಈ ಕಡೆಯ ಹಳೆಯ ಗೋಡೆಗಳಲ್ಲಿ ಬಿಟ್ಟ ದಾರಿ ಕುದುರೆಗಾಡಿಯ ಕಾಲದ್ದು. ರಸ್ತೆಯ ಕಡೆಯದು ಅಗಲ, ಮೇಲಿನ ಹೊಲದ್ದು ಒಂಬತ್ತಡಿಗೂ ಕಡಿಮೆ, ಅದೂ ತಿರುವಿನಲ್ಲಿ. ಹಿಂದೆ ಆರಡಿಯ ಹುಲ್ಲು ಕತ್ತರಿ ಕಟ್ಟಿಕೊಂಡು ಓರೆಯಾಗಿ ಅಲ್ಲಿ ನುಗ್ಗಿದರೆ ನೂರು ವರ್ಷದ ಗೋಡೆ ಕೆಳಗೆ. ಕೊಟ್ಟಿಗೆಯ ಬಾಗಿಲ ಮೇಲಿನ ಕಲ್ಲು ತಗ್ಗು. ಉಕ್ಕಿನ ಕಮಾನು ಮಡಚುವಂತಿದ್ದರೆ ಮಾತ್ರ ಗಾಡಿ ಒಳಗೆ ಹೋಗುತ್ತದೆ. ಕೆಳಗಿನ ಮೂಲೆಯಲ್ಲಿ ಜೊಂಡು ಬೆಳೆದಿದೆ. ಜೊಂಡಿದ್ದ ಕಡೆ ನೀರು ನಿಂತಿದೆಯೆಂದೇ ಅರ್ಥ, ಅಲ್ಲಿ ಭಾರದ ಗಾಡಿ ಇಳಿದರೆ ಮೇಲೆ ಬರುವುದಿಲ್ಲ. ಹೀಗೆ ಬಾಗಿಲು, ಕಲ್ಲು, ಜೊಂಡು, ಇಳಿಜಾರು ಸೇರಿ ಒಂದು ಗಾಡಿಯ ಅಳತೆ ಬರೆದುಕೊಟ್ಟವು: ಅಗಲ ಕಡಿಮೆ, ಭಾರ ಒಂದು ಟನ್ನಿನ ಆಸುಪಾಸು, ನಾಲ್ಕೂ ಚಕ್ರ ಎಳೆಯಬೇಕು, ಮಡಚುವ ಕಮಾನು, ನಾಲ್ಕಡಿಯ ಹುಲ್ಲು ಕತ್ತರಿ ತಿರುಗಿಸುವಷ್ಟು ಪಿಟಿಒ, ಅಂದರೆ ಹಿಂದೆ ಕಟ್ಟಿದ ಯಂತ್ರಕ್ಕೆ ಎಂಜಿನ್ನಿನ ಶಕ್ತಿ ದಾಟಿಸುವ ದಂಡ. ಎಚ್‌ಪಿ ತಾನಾಗಿಯೇ ಇಪ್ಪತ್ತೈದರ ಹತ್ತಿರ ಬಂದು ನಿಂತಿತು.

ಇಪ್ಪತ್ತೈದು ಎಂದು ಹೇಳಲು ಮೊದಮೊದಲು ನಾಚಿಕೆಯಾಗುತ್ತಿತ್ತು. ಜನವರಿಯಲ್ಲಿ ಬರ್ಮಿಂಗ್‌ಹ್ಯಾಮಿನ ಎನ್‌ಇಸಿಯಲ್ಲಿ ಲಾಮಾ ಎಂಬ ಕೃಷಿಯಂತ್ರಗಳ ಮೇಳ ನಡೆಯುತ್ತದೆ. ಅಲ್ಲಿ ಮುನ್ನೂರು ನಾನ್ನೂರು ಎಚ್‌ಪಿಯ ಗಾಡಿಗಳ ಚಕ್ರದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರೆ ನಮ್ಮ ತಲೆ ಚಕ್ರದ ಅಂಚಿಗಿಂತ ಕೆಳಗೆ. ಲಿಂಕನ್‌ಷೈರಿನ ಸಪಾಟು ಹೊಲಕ್ಕೆ ಅವು ಬೇಕು. ನನ್ನ ಮೇಲಿನ ಹೊಲಕ್ಕೆ ಅವುಗಳಲ್ಲೊಂದು ಬಂದರೆ ಗೋಡೆ ಒಡೆದು ಬರಬೇಕು, ಗೋಡೆ ಒಡೆದು ಹೋಗಬೇಕು.

ಇಲ್ಲಿ ಸಣ್ಣ ಹಿಡುವಳಿದಾರರ ಕೈಯಲ್ಲಿ ಓಡಾಡುವುದು ಬಹುಪಾಲು ಜಪಾನಿನ ಗಾಡಿಗಳು: ಕುಬೋಟಾ, ಇಸೆಕಿ, ಯಾನ್ಮಾರ್. ಜಪಾನಿನ ಸಣ್ಣ ಸಣ್ಣ ಭತ್ತದ ಗದ್ದೆಗಾಗಿ ಹುಟ್ಟಿ, ಅಲ್ಲಿ ದುಡಿದು, ಹಡಗು ಹತ್ತಿ ಬಂದ ಹಳೆಯ ಗಾಡಿಗಳೂ ಇವುಗಳಲ್ಲಿ ಸಾಕಷ್ಟಿವೆ. ಬೆಂಗಳೂರಿನ ವಿಎಸ್‌ಟಿಯವರು 1967ರಿಂದ ಮಿತ್ಸುಬಿಷಿಯ ಜೊತೆಗೂಡಿ ನಮಗೆ ಪವರ್ ಟಿಲ್ಲರ್ ಕೊಟ್ಟದ್ದೂ ಇದೇ ಲೆಕ್ಕಾಚಾರದಲ್ಲಿ: ಗದ್ದೆ ಸಣ್ಣದಾದ ಕಡೆ ಯಂತ್ರವೂ ಸಣ್ಣದಿರಬೇಕು. ಹೊಸದಾಗಿ ಪಂಜಾಬಿನ ಸೋನಾಲಿಕಾದವರ ಸೋಲಿಸ್ ಗಾಡಿಗಳೂ ಇಲ್ಲಿ ಮಾರಾಟಕ್ಕಿವೆ. ಒಂದು ಕಾಲಕ್ಕೆ ಕಾವೆಂಟ್ರಿಯಿಂದ ಹಿಂದೂಸ್ತಾನಕ್ಕೆ ಹೋಗುತ್ತಿದ್ದದ್ದು ಈಗ ಹಿಂದೂಸ್ತಾನದಿಂದ ಯಾರ್ಕ್‌ಷೈರಿಗೆ ಬರುತ್ತಿದೆ.

ಒಂದು ಹಳೆಯ ಜಪಾನಿ ಗಾಡಿ ನೋಡಲು ಹೋದಾಗ ಅಪ್ಪಾಜಿಯನ್ನು ಫೋನಿನಲ್ಲಿ ಜೊತೆಗೆ ಕರೆದೊಯ್ದೆ. ಮಾರುವವನ ಅಂಗಳದಲ್ಲಿ ತುಂತುರು ಮಳೆ, ದಾವಣಗೆರೆಯಲ್ಲಿ ಮಟಮಟ ಮಧ್ಯಾಹ್ನ.

"ಮೊದ್ಲು ಬಾನೆಟ್ ಮ್ಯಾಲ ಕೈ ಇಡು. ಬೆಚ್ಚಗೈತೇನು?"

ಬೆಚ್ಚಗಿತ್ತು. ನಾವು ಬರುವ ಮೊದಲೇ ಚಾಲು ಮಾಡಿ ಇಟ್ಟಿದ್ದರು.

"ಹಂಗಾರ ತಣ್ಣಗಾಗಾತನ ಕಾಯಿ. ತಣ್ಣನ್ ಎಂಜಿನ್ ಹೆಂಗ್ ಚಾಲೂ ಆಗ್ತೈತಿ ಅನ್ನೋದು ನೋಡ್ಬೇಕು."

ಕಾದೆವು. ಅಷ್ಟರಲ್ಲಿ ಅಪ್ಪಾಜಿ ಆಯಿಲಿನ ಕಡ್ಡಿ ತೆಗೆಸಿ ಬಿಳಿಚಿಕೊಂಡಿದೆಯೇ ನೋಡಿಸಿದರು. ಬಿಳಿಚಿದ್ದರೆ ಆಯಿಲಿಗೆ ನೀರು ಸೇರಿದೆ ಎಂದು ಅರ್ಥ. ಮುಂದಿನ ಚಕ್ರ ಹಿಡಿದು ಅಲ್ಲಾಡಿಸಲು ಹೇಳಿದರು. ಎಂಜಿನ್ ತಣ್ಣಗಾಗಿ ಮತ್ತೆ ಚಾಲೂ ಆದ ಮೇಲೆ ಹಿಂದಿನ ತೋಳಿಗೆ ಅಲ್ಲಿದ್ದ ಕಾಂಕ್ರೀಟು ಭಾರ ಕಟ್ಟಿಸಿ, ಮೇಲೆತ್ತಿಸಿ, ಎಂಜಿನ್ ಬಂದ್ ಮಾಡಿಸಿ, "ಈಗ ಮಾತಾಡ್ಕೊಂತ ನಿಂತ್ಕ, ಆದ್ರ ಕಣ್ಣು ತೋಳಿನ ಮ್ಯಾಲ ಇರ್ಲಿ" ಎಂದರು. ನಿಂತಲ್ಲೇ ಇಳಿದರೆ ಹೈಡ್ರಾಲಿಕ್ ಸೋರುತ್ತಿದೆ. ಇಳಿಯಲಿಲ್ಲ. ತಣ್ಣನೆಯ ಎಂಜಿನ್ ಚಾಲೂ ಆದಾಗ ಒಂದು ಗುಕ್ಕು ಕಪ್ಪು ಹೊಗೆ ಬಂದು ನಿಂತಿತ್ತು. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ, ಬಿಳಿ ನಿಲ್ಲದಿದ್ದರೆ ಬೇರೆ ರೋಗ ಎಂದು ಅವರು ವಿವರಿಸುತ್ತಿದ್ದಂತೆ ಮಾರುವವನು ಫೋನಿನೊಳಗಿನ ಪಂಚೆಯ ಮನುಷ್ಯನನ್ನು ಇಣುಕಿ ನೋಡಿ, ಇವರ ಪರಿಚಯ ಏನು ಎಂದು ಕೇಳಿದ. ನನ್ನ ಕನ್ಸಲ್ಟೆಂಟ್ ಎಂದೆ.

ಒಂದೇ ಒಂದು ವಿಷಯ ಅಪ್ಪಾಜಿಗೆ ಒಗ್ಗಲಿಲ್ಲ. ಆ ಗಾಡಿಗೆ ಹೈಡ್ರೋಸ್ಟ್ಯಾಟಿಕ್ ಇತ್ತು: ಪೆಡಲ್ ಈ ಕಡೆ ಒತ್ತಿದರೆ ಮುಂದೆ, ಆ ಕಡೆ ಒತ್ತಿದರೆ ಹಿಂದೆ, ಮಧ್ಯೆ ಗೇರು ಕ್ಲಚ್ಚಿನ ಗೋಜಿಲ್ಲ. ಮೂಲೆಮೂಲೆಯಲ್ಲಿ ಹಿಂದೆ ಮುಂದೆ ಮಾಡುತ್ತ ಹುಲ್ಲು ಕತ್ತರಿಸುವವನಿಗೆ ಇದಕ್ಕಿಂತ ಸುಖವಿಲ್ಲ. "ಗೇರ್ ಹಾಕ್ದಂಗ ಓಡಿಸೋದು ಅದ್ಯಾವ ಟ್ಯಾಕ್ಟ್ರಪ್ಪ" ಎಂದರು. ಉಳುಮೆಗೆ ಅವರ ಮಾತೇ ಸರಿ. ಅಂಥ ವ್ಯವಸ್ಥೆಯಲ್ಲಿ ಎಂಜಿನ್ನಿನ ಶಕ್ತಿ ಸ್ವಲ್ಪ ಸೋರಿಹೋಗುತ್ತದೆ. ಉಳುವುದೇ ಇಲ್ಲವಲ್ಲ ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಉಳದ ಮಗನನ್ನು ಒಪ್ಪಿಕೊಳ್ಳಲು ರೈತನಿಗೆ ಅಷ್ಟು ಹೊತ್ತು ಬೇಕು.

ಗಾಡಿ ಮನೆಗೆ ಬಂದ ಮೇಲೆ ಕಾನೂನಿನ ಸರದಿ. ಕಾರಿನ ಲೈಸೆನ್ಸ್ ಇದ್ದವನಿಗೆ ಇಲ್ಲಿ ಟ್ರ್ಯಾಕ್ಟರಿಗೂ ಅದೇ ಸಾಕು. ಬೇಸಾಯಕ್ಕೆ ಸುಂಕ ಕಡಿಮೆಯ ಕೆಂಪು ಡೀಸೆಲ್ ಉಂಟು. 2022ರ ಏಪ್ರಿಲ್‌ನಿಂದ ಹಲವು ಉದ್ಯಮಗಳಿಗೆ ಅದನ್ನು ನಿಲ್ಲಿಸಿದರೂ ರೈತನಿಗೆ ಉಳಿಸಿದ್ದಾರೆ. ಬಣ್ಣ ಹಾಕಿರುವುದು ಕಾರಿಗೆ ತುಂಬಿದರೆ ಸಿಕ್ಕಿಬೀಳಲಿ ಎಂದೇ. ನನ್ನನ್ನು ತಟ್ಟಿದ ನಿಯಮ ಬೇರೆ: ಬೇಸಾಯದ ಕೆಲಸದಲ್ಲಿರುವ ಟ್ರ್ಯಾಕ್ಟರಿನ ಮೇಲೆ ಹದಿಮೂರು ವರ್ಷದೊಳಗಿನ ಮಕ್ಕಳು ಹತ್ತುವಂತೆಯೇ ಇಲ್ಲ, 1998ರ ಕಟ್ಟಳೆ. ನನ್ನ ಬಾಲ್ಯದ ಅರ್ಧ ಅಪ್ಪಾಜಿಯ ಮ್ಯಾಸಿಯ ಮಡ್‌ಗಾರ್ಡಿನ ಮೇಲೆ ಕಳೆದದ್ದು. ಮಿಕ್ಕ ಮಕ್ಕಳು ಟ್ರೇಲರಿನ ಕೊಂಡಿಯ ಮೇಲೆ. ಊರಿನಿಂದ ಬಂದ ಅಕ್ಕನ ಮೊಮ್ಮಗ ಹತ್ತಿಸು ಎಂದು ರಚ್ಚೆ ಹಿಡಿದಾಗ ಇಲ್ಲವೆಂದೆ. ಅಕ್ಕ, "ಇಂಗ್ಲೆಂಡಿಗ್ ಬಂದು ಕಲ್ಲಾಗ್ಬಿಟ್ಟೆ ನೋಡು" ಎಂದು ಮುನಿಸಿಕೊಂಡಳು. ತುರ್ತು ಚಿಕಿತ್ಸೆಯ ವಾರ್ಡಿನಲ್ಲಿ ಕೆಲಸ ಮಾಡಿದವನು ಆ ನಿಯಮದ ಜೊತೆ ವಾದಿಸಲಾರ.

ಇನ್ನು ಅಪ್ಪಾಜಿಯ ಬಾಡಿಗೆಯ ಮಾತು. ಅದು ಅರ್ಧ ನಿಜವಾಯಿತು, ಬಹಳ ಉಪಯುಕ್ತ ಅರ್ಧ. ಕೆಳಗಿನ ಹೊಲದಲ್ಲಿ ಬೇಸಿಗೆಗೊಮ್ಮೆ ಒಣಹುಲ್ಲು ಮಾಡಬೇಕು. ಕತ್ತರಿಸಬೇಕು, ಮಳೆಯಿಲ್ಲದ ನಾಲ್ಕು ದಿನ ಹೊಂದಿಸಿಕೊಂಡು ತಿರುವಿ ಒಣಗಿಸಬೇಕು, ಸಾಲು ಮಾಡಬೇಕು, ಪೆಂಡಿ ಕಟ್ಟಬೇಕು. ಇಷ್ಟಕ್ಕೂ ಯಂತ್ರ ಇಟ್ಟುಕೊಂಡರೆ ಅವು ವರ್ಷವಿಡೀ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಒಂದು ವಾರ ದುಡಿಯುತ್ತವೆ. ಆ ಕೆಲಸ ಪಕ್ಕದ ಮುದುಕನ ಮಗನಿಗೆ ಬಿಟ್ಟಿದ್ದೇನೆ. ಅವನ ದೊಡ್ಡ ಗಾಡಿ ರಸ್ತೆಯ ಕಡೆಯ ಗೇಟಿನಲ್ಲಿ ಬಂದಾಗಲೆಲ್ಲ ಆ ದಿನದ ಕೆಲಸವನ್ನು ಮಧ್ಯಾಹ್ನದೊಳಗೆ ಮುಗಿಸಿ ಹೋಗುತ್ತದೆ; ಪೆಂಡಿಯಲ್ಲಿ ಅರ್ಧ ಅವನಿಗೆ, ಅರ್ಧ ನನಗೆ. ದುಡ್ಡಿನ ಮಾತೇ ಇಲ್ಲ. ಕೋರು ಪದ್ಧತಿಯನ್ನು ಯಾರ್ಕ್‌ಷೈರಿನಲ್ಲಿ ಚಾಲ್ತಿಗೆ ತಂದವನೆಂದು ಅಪ್ಪಾಜಿ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ.

ಹೀಗಾಗಿ ನನಗೆ ಗಟ್ಟಿಯಾದ ಸೂತ್ರ ಒಂದೇ. ವಾರವಾರ ಬೀಳುವ ಕೆಲಸಕ್ಕೆ ಟ್ರ್ಯಾಕ್ಟರ್ ಕೊಳ್ಳಬೇಕು, ವರ್ಷಕ್ಕೊಮ್ಮೆ ಬೀಳುವ ಕೆಲಸಕ್ಕೆ ಕರೆಸಬೇಕು. ತಪ್ಪು ಟ್ರ್ಯಾಕ್ಟರ್ ಮನೆಗೆ ಬರುವುದು ವರ್ಷಕ್ಕೊಮ್ಮೆಯ ಕೆಲಸವನ್ನು ಕಣ್ಣಮುಂದೆ ಇಟ್ಟುಕೊಂಡವರಿಗೆ. ಆ ಒಂದು ದಿನಕ್ಕಾಗಿ ದೊಡ್ಡದನ್ನು ತಂದು ಉಳಿದೆಲ್ಲ ದಿನ ಅದನ್ನು ಗೇಟಿನಲ್ಲಿ ತೂರಿಸಲು ಹೆಣಗುತ್ತಾರೆ. ಊರಲ್ಲಾದರೆ ದೊಡ್ಡ ಗಾಡಿಗೆ ಬಾಡಿಗೆಯಾದರೂ ಹುಟ್ಟುತ್ತದೆ. ಇಲ್ಲಿ ಅದೂ ಇಲ್ಲ. ನಾವು ಮಾಡಬೇಕೆಂದು ಕನಸು ಕಂಡ ಬೇಸಾಯ ಒಂದು, ಕೊಂಡ ನೆಲ ಮಾಡಿಸಿಕೊಳ್ಳುವ ಬೇಸಾಯ ಇನ್ನೊಂದು. ಟ್ರ್ಯಾಕ್ಟರ್ ಎರಡನೆಯದಕ್ಕೆ ತಕ್ಕಂತಿರಬೇಕು. ಮೊದಲನೆಯದಕ್ಕೆ ಮ್ಯಾಸಿ 135ರ ಒಂದು ಫೋಟೋ ಸಾಕು. ನನ್ನ ಓದುವ ಕೋಣೆಯಲ್ಲಿ ಹಾಕಿದ್ದೇನೆ.

ಮೊನ್ನೆ ಬರ್ಮಿಂಗ್‌ಹ್ಯಾಮಿನ ಮಿತ್ರರೊಬ್ಬರು ಫೋನು ಮಾಡಿದ್ದರು. ಮಂಡ್ಯ ಕಡೆಯವರು, ಅರಿವಳಿಕೆ ತಜ್ಞರು. ವುಸ್ಟರ್‌ಷೈರಿನಲ್ಲಿ ಆರೆಕರೆ ಸೇಬಿನ ತೋಪು ನೋಡಿದ್ದಾರಂತೆ. ಕರೆಯ ಮೊದಲ ಮಾತೇ ಎಚ್‌ಪಿ. ನಾನು ತಿರುಗಿ ಕೇಳತೊಡಗಿದೆ: ಅಲ್ಲಿ ಜೇಡಿಮಣ್ಣಲ್ಲವೇ, ನವೆಂಬರಿನಿಂದ ಮಾರ್ಚಿನವರೆಗೆ ಒಳಗೆ ಕಾಲಿಡಲಾದೀತೇ? ಸೇಬಿನ ಸಾಲುಗಳ ನಡುವೆ ಎಷ್ಟಡಿ? ಕೊಂಬೆ ಎಷ್ಟು ತಗ್ಗು? ಗಾಡಿ ನಿಲ್ಲಿಸುವುದು ಎಲ್ಲಿ? ಗೇಟು ಎಷ್ಟಗಲ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನೆಲ್ಲ ಆಮೇಲೆ ನೋಡ್ಕೊಳ್ಳೋಣ ಬಿಡಿ, ನಲವತ್ತೈದು ಸಾಕಾಗುತ್ತಾ ಹೇಳಿ" ಎಂದರು. ಟೇಪು ಹಿಡಿದು ಗೇಟಿನ ಹತ್ತಿರ ಹೋಗಿ ನಿಂತು ಮತ್ತೆ ಫೋನು ಮಾಡಿ, ಅಲ್ಲಿಯವರೆಗೂ ನನ್ನ ಬಾಯಲ್ಲಿ ಒಂದು ಅಂಕಿಯೂ ಬರುವುದಿಲ್ಲ ಎಂದೆ.